ಪೆಟ್ಟಿಗೆಯ ವೈರು

ಮಂಗಳವಾರ, ಬೆಳಿಗ್ಗೆ

ನನ್ನ ಮಗಳ ಅಪ್ಪನಿಗೆ,

ಪ್ರೀತಿಯ, ನಲ್ಮೆಯ ಅಂತೆಲ್ಲ ಬರೆಯಲು ಕೈ ಬರುತ್ತಿಲ್ಲ, ಆದ್ದರಿಂದ ಇಷ್ಟಕ್ಕೇ ತೃಪ್ತಿಪಡು. ಕ್ಷೇಮವೇ ಅಂತ ಕೇಳುವುದೂ ಇಲ್ಲ. ಮಗಳು ದಿನಾ ಫೋನು ಮಾಡಿ ನಿನ್ನ ವರದಿ ಒಪ್ಪಿಸುತ್ತಾಳೆ. ಎರಡು ಹೊತ್ತು ಸರಿಯಾಗಿ ಉಣ್ಣುತ್ತೀಯಂತೆ, ಟೀವಿಯ ಸದ್ದು ಪೂರ್ತಿ ತೆಗೆದು ಬರೀ ಚಿತ್ರ ನೋಡುತ್ತಾ ಕೂರುತ್ತೀಯಂತೆ, ಬಾಗಿಲ ಗಂಟೆ ಹೊಡೆದರೆ ಕೇಳಿಸದೆ ಮೊನ್ನೆ ಅಳಿಯ ಅರ್ಧ ಗಂಟೆ ಹೊರಗೆ ನಿಂತಿದ್ದನಂತೆ. ಫೋನಿನಲ್ಲಿ ಬೈದರೆ ನಿನಗೆ ಕೇಳಿಸುವುದಿಲ್ಲ ಅಂತ ಕಾಗದ ಬರೆಯುತ್ತಿದ್ದೇನೆ. ಇದನ್ನು ಮಗಳ ಕೈಗೆ ಕೊಡಬೇಡ. ಅವಳಿಗೆ ಹೇಳಬೇಕಾದದ್ದನ್ನು ನಾನೇ ಹೇಳುತ್ತೇನೆ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಇಪ್ಪತ್ತಮೂರು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ, ಇನ್ನೂ ಕೇಬಲ್ಲಿನ ಮೇಲೆ ಅಂಟಿಸುವ ಚೀಟಿಯ ಹಾಗೇ ಬರೆಯುತ್ತೀಯ, ಎಲ್ಲಾ ದಪ್ಪದಪ್ಪ. ಕೆಳಗಿನ ರೂಮು ಖಾಲಿ ಇದೆಯಂತಲ್ಲ, ಮಗಳ ಮನೆ ಚಿಕ್ಕದು, ಕಿವಿ ಪೂರ್ತಿ ಹೋಗಿದೆ, ಒಂದು ಮೂಲೆಯಲ್ಲಿ ಬಿದ್ದಿರುತ್ತೇನೆ ಅಂತ ಬರೆದಿದ್ದೀಯ. ನಿಜ ಹೇಳುತ್ತೇನೆ, ಓದಿ ಅತ್ತಿದ್ದೆ. ಮಾರನೇ ದಿನವೇ ಆ ರೂಮಿಗೆ ಸುಣ್ಣ ಹೊಡೆಸಿದೆ. ಮಂಚದ ಕಾಲು ಅಲುಗಾಡುತ್ತಿತ್ತು, ಬಡಗಿಯನ್ನು ಕರೆಸಿ ಸರಿ ಮಾಡಿಸಿದೆ. ಬಾಗಿಲಿಗೆ ಗಂಟೆಯ ಬದಲು ಮಿನುಗುವ ದೀಪ ಹಾಕಿಸಬಹುದಾ ಅಂತ ಎಲೆಕ್ಟ್ರಿಷಿಯನ್ನನ್ನು ಕೇಳಿಯೂ ಬಿಟ್ಟಿದ್ದೆ. ವಯಸ್ಸಾದ ಮೇಲೆ ಬುದ್ಧಿ ಮೆತ್ತಗಾಗುತ್ತದೆ ನೋಡು. ಬಾ ಅಂತ ಬರೆಯಲು ಹಾಳೆ ತೆಗೆದಿಟ್ಟುಕೊಂಡಿದ್ದೆ, ಅಷ್ಟರಲ್ಲಿ ಆ ಭಾನುವಾರ ಬಂತು.

ಭಾನುವಾರದ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೀರೋ ಫೋನು ಮಾಡಿದ್ದ. ನಮ್ಮ ಬ್ಯಾಂಡಿನ ಹಾಡುಗಾರ ಮಹಾಶಯ, ಅವನನ್ನು ಈಗಲೂ ಹೀರೋ ಅಂತಲೇ ಕರೆಯಬೇಕು, ಇಲ್ಲದಿದ್ದರೆ ತಿರುಗಿ ನೋಡುವುದಿಲ್ಲ. ಡ್ರಮ್ಮಿನ ಗುಂಡಣ್ಣನ ಅಂಗಡಿಗೆ ಇಪ್ಪತ್ತು ವರ್ಷ ತುಂಬುತ್ತಂತೆ, ಆ ಸಂಭ್ರಮಕ್ಕೆ ನಾವೆಲ್ಲ ಮತ್ತೆ ಒಂದು ಸಲ ಸೇರಿ ನಾಲ್ಕು ಹಾಡು ಬಾರಿಸಬೇಕಂತೆ. ಏನು ಅಂಗಡಿ ಗೊತ್ತಾ? ಹಾಸಿಗೆ ಅಂಗಡಿ. ಹನ್ನೊಂದು ವರ್ಷ ಊರಿಗೆಲ್ಲಾ ನಿದ್ದೆ ಕೆಡಿಸಿದ ಮನುಷ್ಯ ಈಗ ಹಾಸಿಗೆ ದಿಂಬು ಮಾರುತ್ತಾನೆ. ನಗು ಬಂತು, ಹೂಂ ಅಂದೆ. ಸೌಂಡು ನೋಡಿಕೊಳ್ಳುತ್ತಿದ್ದ ನಿನ್ನನ್ನು ಕರೆದಿದ್ದೀರಾ ಅಂತ ಕೇಳಿದ್ದಕ್ಕೆ, ಅವನಿಗೆ ಕಿವೀನೇ ಇಲ್ವಲ್ಲ, ಸೌಂಡಿಗೆ ಬೇರೆ ಹುಡುಗಿ ಬರ್ತಾಳೆ ಅಂದ. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಾಸಿಗೆ ಅಂಗಡಿಯ ಹಿಂದೆ ಗೋದಾಮು, ಅಲ್ಲೇ ಪ್ರಾಕ್ಟೀಸು. ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳನ್ನು ಛಾವಣಿ ಮುಟ್ಟುವಷ್ಟು ಪೇರಿಸಿದ್ದಾರೆ, ಒಳಗೆ ಕಾಲಿಟ್ಟರೆ ಸ್ಪಂಜಿನ ವಾಸನೆ, ಅಂಟಿನ ವಾಸನೆ, ಜೊತೆಗೆ ಹೀರೋ ಮೈಗೆ ಸುರಿದುಕೊಂಡು ಬಂದಿದ್ದ ಅತ್ತರಿನ ವಾಸನೆ. ನಾನು ಪೆಟ್ಟಿಗೆಯನ್ನು ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋಗಿದ್ದೆ. ಹೌದು, ಅದೇ ಹಳೇ ಕೀಬೋರ್ಡು, ಒತ್ತುವ ನಾಲ್ಕು ಮನೆ ಹೊಸದು ಹಾಕಿಸಿದ್ದೇನೆ ಅಷ್ಟೇ. ನನ್ನನ್ನು ನೋಡಿದ ಕೂಡಲೇ ಎಲ್ಲರೂ ಬಂದಳಪ್ಪಾ ಪೆಟ್ಟಿಗೆ ಅಂತ ಕೂಗಿದರು. ನನಗೂ ಆ ಹೆಸರು ಕೇಳಿ ಖುಷಿಯಾಯಿತು ಅಂತ ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಒಬ್ಬೊಬ್ಬರೂ ಏನಾಗಿದ್ದಾರೆ ಅಂತ ಕೇಳು. ಹೀರೋ ತಲೆ ಬೋಳಾಗಿದೆ, ಮೇಲೆ ಸುಳ್ಳು ಕೂದಲಿನ ಒಂದು ಟೋಪನ್ನು ಕೂರಿಸಿಕೊಂಡಿದ್ದಾನೆ. ಬೆವರಿದರೆ ಅದು ಹಿಂದಕ್ಕೆ ಸರಿಯುತ್ತದೆ, ಮಾತಾಡುತ್ತಲೇ ಎರಡು ಬೆರಳಿನಲ್ಲಿ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಮಂಡಿ ನೋವಿನ ಮುಲಾಮಿನ ಜಾಹೀರಾತಿನಲ್ಲಿ ಅಯ್ಯೋ ಅಮ್ಮಾ ಅಂತ ನರಳುವ ದನಿ ಅವನದೇ ಅಂತೆ, ಅದನ್ನು ಎದೆಯುಬ್ಬಿಸಿ ಹೇಳಿದ. ಹಾಡುವುದಕ್ಕೆ ಗಂಟಲಿಲ್ಲ. ಹಿಂದೆ ಒಬ್ಬನೇ ಹಾಡಿ ಟೇಪು ಮಾಡಿಟ್ಟುಕೊಂಡಿದ್ದ ಹಳೇ ದನಿಯನ್ನು ಹಾಕಿಸಿಕೊಂಡು ಬಾಯಿ ಆಡಿಸುತ್ತಾನೆ. ಮೈಕನ್ನು ಬಾಯಿಯಿಂದ ಗೇಣುದ್ದ ದೂರ ಹಿಡಿದಿದ್ದಾನೆ, ದನಿ ಮಾತ್ರ ಗೋದಾಮು ತುಂಬಾ. ನಾಚಿಕೆಗೆಟ್ಟವನು. ಗಿಟಾರಿನ ಕಡ್ಡಿ ನಗರಸಭೆಯಲ್ಲಿ ಗುಮಾಸ್ತ, ಅದೂ ಶಬ್ದ ಮಾಲಿನ್ಯದ ದೂರು ತೆಗೆದುಕೊಳ್ಳುವ ಮೇಜಿನಲ್ಲಿ. ಮದುವೆ ಮನೆಯಲ್ಲಿ ಜೋರಾಗಿ ಹಾಡು ಹಾಕಿದರೆ ಮೀಟರು ಹಿಡಿದು ಹೋಗಿ ನಿಲ್ಲಿಸುತ್ತಾನಂತೆ. ಈಗ ಅವನು ಕಡ್ಡಿಯೂ ಅಲ್ಲ, ಹೊಟ್ಟೆಯ ಮೇಲೆ ಗಿಟಾರು ಮಲಗಿಕೊಂಡಿರುತ್ತದೆ. ಗುಂಡಣ್ಣನಿಗೆ ಒಂದು ಕಿವಿ ಹೋಗಿದೆ, ಯಾವುದು ಹೋಗಿದೆ ಅಂತ ಅವನಿಗೂ ಆಗಾಗ ಮರೆತುಹೋಗುತ್ತದೆ. ನಮ್ಮ ವ್ಯಾನು ಓಡಿಸಿ, ಸಾಮಾನು ಇಳಿಸಿ, ವೈರು ಎಳೆಯುತ್ತಿದ್ದ ಡ್ರೈವರು ಸ್ಕೂಲು ಮಕ್ಕಳ ವ್ಯಾನು ಓಡಿಸುತ್ತಾನೆ. ಅವನೊಬ್ಬನೇ ನೋಡಲು ಮನುಷ್ಯನ ಹಾಗಿದ್ದ. ಹಳೇ ಕೇಬಲ್ಲಿನ ಪೆಟಾರಿಯನ್ನು ಇಷ್ಟು ವರ್ಷ ಮನೆಯ ಅಟ್ಟದಲ್ಲಿ ಜೋಪಾನ ಮಾಡಿದ್ದನಂತೆ, ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀನು ಕುರ್ಚಿಯಲ್ಲಿ ಸರಿಯಾಗಿ ಕೂತುಕೋ.

ಡ್ರೈವರು ಯಾರನ್ನೂ ಏನೂ ಕೇಳದೆ, ಕೈಗೇ ನೆನಪಿರುವ ಹಾಗೆ, ಎಲ್ಲರಿಗೂ ವೈರು ಚುಚ್ಚಿಕೊಂಡು ಬಂದ. ನನ್ನ ಪೆಟ್ಟಿಗೆಗೂ ಚುಚ್ಚಿದ. ನನ್ನ ಕಾಲಬುಡದಲ್ಲಿ ಒಂದು ಚಿಕ್ಕ ಸ್ಪೀಕರು ಇಟ್ಟ, ನಾನು ಬಾರಿಸುವುದು ನನಗೆ ಕೇಳಿಸಲಿ ಅಂತ ಯಾವಾಗಲೂ ಇಡುತ್ತಿದ್ದನಲ್ಲ, ಅದು. ಬಾರಿಸಿದೆ, ಚೆನ್ನಾಗಿ ಕೇಳಿಸಿತು. ಅಷ್ಟರಲ್ಲಿ ಸೌಂಡಿನ ಹುಡುಗಿ ಎಲ್ಲರ ವೈರೂ ಬಂದು ಸೇರುವ ಬೋರ್ಡಿನ ಹಿಂದಿನಿಂದ ಕೈ ಎತ್ತಿದಳು. ಇಪ್ಪತ್ತೈದು ವರ್ಷದ ಹುಡುಗಿ, ಕೆಲಸದಲ್ಲಿ ಬಲು ಚುರುಕು. "ಆಂಟಿ, ನಿಮ್ಮ ಲೈನು ನನಗೆ ಬರ್ತಾನೇ ಇಲ್ಲ, ಹೊರಗಿನ ದೊಡ್ಡ ಸ್ಪೀಕರಿಗೆ ನಿಮ್ಮದು ಹೋಗ್ತಿಲ್ಲ" ಅಂದಳು. ವೈರು ಕೆಟ್ಟಿರಬೇಕು ಅಂತ ನಾನು ಬಗ್ಗಿ ನೋಡುತ್ತಿದ್ದೆ. ಆಗ ಡ್ರೈವರು ಬಿಸ್ಕತ್ತು ತಿನ್ನುತ್ತಾ, ಹವಾಮಾನ ಹೇಳುವ ಹಾಗೆ ಹೇಳಿದ, "ಅದು ಬರಲ್ಲಮ್ಮ. ಪೆಟ್ಟಿಗೆ ವೈರು ಬೋರ್ಡಿಗೆ ಯಾವತ್ತೂ ಹೋಗಿಲ್ಲ, ಅಕ್ಕನ ಸ್ಪೀಕರಿಗೆ ಮಾತ್ರ. ಮೊದಲಿಂದ ಹಂಗೇ ಮಾಡೋದು."

ಡ್ರೈವರಿಗೆ ತಾನು ಏನಂದೆ ಅಂತ ನಿಧಾನವಾಗಿ ಹೊಳೆಯಿತು. ಬಿಸ್ಕತ್ತು ಕೈಯಲ್ಲೇ ಉಳಿಯಿತು. ಅಕ್ಕಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಅಂದ. ಆಮೇಲೆ ಏನೋ ಸರಿ ಮಾಡುವವನಂತೆ, "ಒಂದೇ ಒಂದ್ಸಲ ಸೌಂಡಣ್ಣ ತಾವೇ ಬಂದು..." ಅಂತ ನಿನ್ನ ವಿಷಯ ಶುರು ಮಾಡಿದ. ಹೀರೋ ಅವನ ಮೇಲೆ ಎಗರಿದ, "ಸಾಕು ಬಿಡಯ್ಯಾ ನಿನ್ನ ಪುರಾಣ" ಅಂತ. ಆಗ ಕಡ್ಡಿ ನಕ್ಕುಬಿಟ್ಟ. ತಡೆದುಕೊಳ್ಳಲು ನೋಡಿ, ಆಗದೆ, ಮೂಗಿನಿಂದ ನಗು ಹೊರಗೆ ಬಂತು. ಅವನ ಹಿಂದೆ ಗುಂಡಣ್ಣ, ಯಾಕೆ ಅಂತ ಕೇಳಿಸದಿದ್ದರೂ ಜೊತೆಗೆ ನಕ್ಕ.

ನಾನು ಹೀರೋನ ಮುಖ ನೋಡಿದೆ. ಅವನಿಗೆ ಒಂದು ಚೂರೂ ಸಂಕೋಚವಿಲ್ಲ. ಟೋಪನ್ನು ಮುಂದಕ್ಕೆ ಎಳೆದುಕೊಂಡು ಹೇಳಿದ, ಅವತ್ತು ಜನ ಬರ್ತಿದ್ದದ್ದು ಗಿಟಾರು ಕೇಳೋಕೆ, ನನ್ನ ಕೇಳೋಕೆ, ಅದರ ಮಧ್ಯೆ ಟಿಂಗ್ ಟಿಂಗ್ ಅಂತ ನಿನ್ನ ಪೆಟ್ಟಿಗೆ ಯಾಕೆ, ಆದ್ರೆ ಪೋಸ್ಟರಲ್ಲಿ ಒಬ್ಬಳು ಹೆಂಗಸು ಇದ್ರೆ ಚೆಂದ ಅಲ್ವಾ, ಅದಕ್ಕೇ ನೀನು ನಿಂತಿರಲಿ, ಕೇಳಿಸೋದು ಬೇಡ ಅಂತ ಮೊದಲನೇ ವರ್ಷವೇ ನಿನ್ನ ಗಂಡಂಗೆ ಹೇಳಿದ್ದೆ, ಅವನೂ ಹೂಂ ಅಂದ. ಈಗ್ಯಾಕೆ ಅದೆಲ್ಲ, ಬಾರಿಸು ಬಾರಿಸು ಅಂತ ಚಪ್ಪಾಳೆ ತಟ್ಟಿದ. ಥೂ! ಒಂದು ಹಾಸಿಗೆಯ ಮೇಲೆ ಕೂತೆ, ಪ್ಲಾಸ್ಟಿಕ್ಕು ಪರಪರ ಅಂತ ಸದ್ದು ಮಾಡಿತು. ಸೌಂಡಿನ ಹುಡುಗಿ ಓಡಿ ಬಂದು ನೀರು ಕೊಟ್ಟಳು. ಅಷ್ಟು ಜನರಲ್ಲಿ ನನ್ನ ಕಣ್ಣು ತಪ್ಪಿಸದೆ ನೋಡಿದವಳು ಅವಳೊಬ್ಬಳೇ. ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದೆ.

ಹನ್ನೊಂದು ವರ್ಷ ನನ್ನ ಕಿವಿಗೆ ಹೂವಿಟ್ಟಿದ್ದೀಯ. ನನ್ನನ್ನು ಒಂದು ಬೊಂಬೆಯ ಹಾಗೆ ವೇದಿಕೆಯ ಮೇಲೆ ನಿಲ್ಲಿಸಿ, ಕಾಲಬುಡದಲ್ಲಿ ಒಂದು ಸ್ಪೀಕರು ಇಟ್ಟು, ಬಾರಿಸಿಕೋ ಅಂತ ಬಿಟ್ಟಿದ್ದೀಯ. ಅದು ಹೋಗಲಿ. ಶೋ ಮುಗಿದ ಮೇಲೆ ವ್ಯಾನಿನಲ್ಲಿ ಪಕ್ಕ ಕೂತು ಏನು ಹೇಳುತ್ತಿದ್ದೆ, ನೆನಪಿದೆಯಾ? ಇವತ್ತು ಚೆನ್ನಾಗಿ ಬಾರಿಸಿದೆ ಕಣೆ ಅನ್ನುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ, ಮೂರನೇ ಹಾಡಿನ ನಡುವೆ ಆ ತುಣುಕು ಇತ್ತಲ್ಲ, ಅದು ಇವತ್ತು ಜನರ ಎದೆಗೆ ತಾಗಿತು ಅನ್ನುತ್ತಿದ್ದೆ. ಒಮ್ಮೊಮ್ಮೆ ಎರಡನೇ ಹಾಡಿನಲ್ಲಿ ಸ್ವಲ್ಪ ಅವಸರ ಮಾಡಿದೆ ಅಂತ ತಪ್ಪೂ ಹುಡುಕುತ್ತಿದ್ದೆ, ನಾನು ನಂಬಲಿ ಅಂತ! ಮಾರನೇ ದಿನ ನಾನು ಕೂತು ಆ ಎರಡನೇ ಹಾಡನ್ನು ತಿದ್ದಿಕೊಳ್ಳುತ್ತಿದ್ದೆ. ಸುಳ್ಳು ಹೇಳುವವರನ್ನು ನೋಡಿದ್ದೇನೆ, ಸುಳ್ಳನ್ನು ಇಷ್ಟು ಶ್ರದ್ಧೆಯಿಂದ ಸಾಕಿದವನನ್ನು ನೋಡಿಲ್ಲ. ನೆನೆಸಿಕೊಂಡರೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ.

ಕಡ್ಡಿ ನಕ್ಕನಲ್ಲ, ಅವನನ್ನು ಬೈಯಲು ನನಗೆ ಬಾಯಿಲ್ಲ. ಅವನ ಕೆಂಪು ಗುಂಡಿ ನಿನಗೆ ಮರೆತಿಲ್ಲ ತಾನೇ? ಪ್ರತಿ ಶೋನಲ್ಲೂ ನನ್ನ ಗಿಟಾರು ಜಾಸ್ತಿ ಮಾಡು, ಜಾಸ್ತಿ ಮಾಡು ಅಂತ ಅವನು ಪ್ರಾಣ ತಿನ್ನುತ್ತಿದ್ದ. ನೀನು ಬೋರ್ಡಿನಲ್ಲಿ ಯಾವ ವೈರಿಗೂ ಸೇರದ ಒಂದು ಗುಂಡಿಗೆ ಕೆಂಪು ಟೇಪು ಹಚ್ಚಿ, ಅವನು ಕೇಳಿದಾಗಲೆಲ್ಲ ಅದನ್ನು ತಿರುಗಿಸುತ್ತಿದ್ದೆ. ಅವನು ಹಾಂ, ಈಗ ಸರಿಯಾಯ್ತು ಅಂತ ಹೆಬ್ಬೆರಳು ತೋರಿಸುತ್ತಿದ್ದ. ಮನೆಗೆ ಬಂದು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎಂಥಾ ಪೆದ್ದ ಅಂತ ನಾನೇ ಹೆಚ್ಚು ನಗುತ್ತಿದ್ದೆ. ನಿನ್ನ ಜೊತೆ ನಾನು ಅವನಿಗೆ ನಗುತ್ತಿದ್ದೆ, ಅವರ ಜೊತೆ ನೀನು ನನಗೆ ನಗುತ್ತಿದ್ದೆ. ಎಲ್ಲರೂ ಎಲ್ಲರ ಬೆನ್ನ ಹಿಂದೆ ಹಲ್ಲು ಕಿರಿಯುತ್ತಾ ಒಂದೇ ವ್ಯಾನಿನಲ್ಲಿ ಒಂದೇ ಬ್ರೆಡ್ಡು ಹರಿದುಕೊಂಡು ತಿಂದೆವಲ್ಲ, ಅದು ನೆನಪಾದರೆ ಆ ಬ್ರೆಡ್ಡು ಈಗ ಹೊರಗೆ ಬರುತ್ತದೆ.

ಮನೆಗೆ ಬಂದವಳೇ ನಿನ್ನ ಟ್ರಂಕು ಎಳೆದೆ. ಪ್ರತಿ ಶೋನಲ್ಲೂ ಬೋರ್ಡಿನಿಂದ ನೇರವಾಗಿ ಟೇಪು ಮಾಡಿಕೊಳ್ಳುತ್ತಿದ್ದೆಯಲ್ಲ, ಹೊರಗೆ ಜನರಿಗೆ ಏನು ಹೋಗುತ್ತದೋ ಅದೇ ಇದರಲ್ಲಿ ಬೀಳುತ್ತದೆ ಅಂತ ನನಗೆ ನೀನೇ ಹೇಳಿಕೊಟ್ಟಿದ್ದೆ. ತೊಂಬತ್ತಾರು ಕ್ಯಾಸೆಟ್ಟು. ನಾವು ಆಲ್ಬಮ್ಮು ಗಿಲ್ಬಮ್ಮು ಮಾಡಿದವರಲ್ಲ, ನಮ್ಮ ಬ್ಯಾಂಡಿನ ಗುರುತು ಅಂತ ಉಳಿದಿರುವುದು ಇಷ್ಟೇ. ನಿನ್ನನ್ನು ಹೊರಗೆ ಹಾಕಿದಾಗ ನಿನ್ನ ಬಟ್ಟೆಯನ್ನೆಲ್ಲ ಕಳಿಸಿದೆ, ಇದನ್ನು ಇಟ್ಟುಕೊಂಡೆ, ನನ್ನ ವಾದ್ಯ ಇದರಲ್ಲಿದೆ ಅಂತ. ಎಂದೂ ಹಾಕಿ ಕೇಳಿರಲಿಲ್ಲ. ಇದೆ ಅನ್ನುವುದೇ ಸಾಕಾಗಿತ್ತು.

ಒಂಬತ್ತು ದಿನದಿಂದ ಕೇಳುತ್ತಿದ್ದೇನೆ. ಇಪ್ಪತ್ತಮೂರು ಮುಗಿಸಿದೆ. ಗಿಟಾರು ಇದೆ, ಡ್ರಮ್ಮಿದೆ, ಹೀರೋ ಕೆಮ್ಮಿದ್ದಿದೆ, ಗುಂಡಣ್ಣನ ಕೋಲು ಕೈ ಜಾರಿ ಬಿದ್ದ ಸದ್ದೂ ಇದೆ. ನಾನಿಲ್ಲ. ಮೂರನೇ ಹಾಡಿನ ನಡುವೆ ಎಲ್ಲರೂ ನಿಲ್ಲಿಸಿ ನನಗೆ ಜಾಗ ಬಿಡುತ್ತಿದ್ದರಲ್ಲ, ಅಲ್ಲಿ ಏನಿದೆ ಗೊತ್ತಾ? ಜನ ಮಾತಾಡುವುದು ಹೀರೋನ ಮೈಕಿಗೆ ಸಿಕ್ಕಿ ಗುಜುಗುಜು ಅನ್ನುತ್ತದೆ. ನಾನು ಕಣ್ಣು ಮುಚ್ಚಿ, ತಲೆ ಆಡಿಸುತ್ತಾ, ಮೈಮರೆತು ಬಾರಿಸುತ್ತಿದ್ದ ಹೊತ್ತಿನಲ್ಲಿ ಜನ ಎದ್ದು ಹೋಗಿ ತಂಪು ಪಾನೀಯ ತಂದುಕೊಂಡಿದ್ದಾರೆ.

ಮಗಳು ಆರು ವರ್ಷದವಳಿದ್ದಾಗ ನಿನ್ನ ಪಕ್ಕ ಸ್ಟೂಲಿನ ಮೇಲೆ ಕೂತು ಶೋ ನೋಡುತ್ತಿದ್ದಳು. ಒಂದು ಸಲ ಬಂದು, ಅಮ್ಮಾ, ನೀನು ಸುಮ್ನೆ ಕೈ ಆಡಿಸ್ತೀಯಾ, ನಿಂದು ಕೇಳ್ಸೋದೇ ಇಲ್ಲ ಅಂದಳು. ನಾನು ರಪ್ಪನೆ ಬಾರಿಸಿದೆ, ಕೆನ್ನೆಯ ಮೇಲೆ. ಅಧಿಕಪ್ರಸಂಗಿ ಅಂತ ಬೈದೆ. ನೀನು ಅಲ್ಲೇ ವೈರು ಸುತ್ತುತ್ತಾ ನಿಂತಿದ್ದೆ, ತಲೆ ಎತ್ತಲಿಲ್ಲ. ನಿಜ ಹೇಳಿದ ಮಗುವಿಗೆ ನಿನ್ನ ಕಣ್ಣೆದುರಿಗೆ ಏಟು ಬಿತ್ತು, ನೀನು ವೈರು ಸುತ್ತಿದೆ. ಉಳಿದದ್ದನ್ನೆಲ್ಲ ಹೇಗಾದರೂ ನುಂಗಿಕೊಂಡೇನು, ಇದನ್ನು ನುಂಗಲು ಆಗುವುದಿಲ್ಲ. ಮೊನ್ನೆ ಅವಳಿಗೆ ಫೋನು ಮಾಡಿ, ಅವತ್ತು ಹೊಡೆದೆನಲ್ಲ ಅಂದೆ. ಅವಳಿಗೆ ನೆನಪೇ ಇಲ್ಲ. ಯಾಕಮ್ಮಾ ಅಳ್ತಿದ್ದೀಯಾ ಅಂತ ಗಾಬರಿಯಾದಳು.

ಇನ್ನು ನನ್ನ ಪಿಯಾನೋ ಟೀಚರಮ್ಮ. ಏಳನೇ ವಯಸ್ಸಿನಿಂದ ಕೈ ಹಿಡಿದು ಕಲಿಸಿದವರು, ಬೆರಳು ತಪ್ಪಿದರೆ ಸ್ಕೇಲಿನಿಂದ ಹೊಡೆಯುತ್ತಿದ್ದವರು, ಒಮ್ಮೆಯೂ ಹೊಗಳಿದವರಲ್ಲ. ನಮ್ಮ ಗಲಾಟೆ ಸಂಗೀತ ಅವರಿಗೆ ಹಿಡಿಸುತ್ತಿರಲಿಲ್ಲ, ಆದರೂ ಕೊನೆಯ ಶೋಗೆ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆಮೇಲೆ ನನ್ನ ಕೈ ಹಿಡಿದು, "ಚೆನ್ನಾಗಿತ್ತು ಕಣೆ. ನಾಲ್ಕನೇ ಹಾಡಲ್ಲಿ ಎಡಗೈ ಜಾರಿತು, ನೋಡ್ಕೋ" ಅಂದರು. ಆ ಮಾತನ್ನು ಇಷ್ಟು ವರ್ಷ ಒಡವೆಯ ಹಾಗೆ ಇಟ್ಟುಕೊಂಡಿದ್ದೆ. ಈಗ ನನ್ನ ಹತ್ತಿರ ಪಾಠಕ್ಕೆ ಬರುವ ಪ್ರತಿ ಮಗುವಿಗೂ ಹೇಳಿದ್ದೇನೆ. ಈಗ ತಿಳಿಯಿತು, ಅವರೂ ಅಯ್ಯೋ ಪಾಪ ಅಂತ ಬಾಯಿಗೆ ಬಂದದ್ದು ಹೇಳಿದ್ದಾರೆ. ಕೇಳಿಸದ್ದನ್ನು ಕೇಳಿದೆ ಅಂದಿದ್ದಾರೆ. ಆ ಮುದುಕಿಯ ಬಾಯಲ್ಲಿ ಸುಳ್ಳು ಬರಿಸಿದವನೂ ನೀನೇ. ಅವರು ಸತ್ತು ಹದಿನೇಳು ವರ್ಷವಾಯಿತು, ಕೇಳಲೂ ಆಗುವುದಿಲ್ಲ.

ಕೊನೆಯ ಶೋ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವತ್ತು ಇನ್ನೂ ಜನ ಹೊರಗೆ ಹೋಗುವ ಮುಂಚೆಯೇ ನೀನೂ ಹೀರೋನೂ ಬೋರ್ಡಿನ ಹತ್ತಿರ ಕೊರಳಪಟ್ಟಿ ಹಿಡಿದುಕೊಂಡಿರಿ. ಅವನ ತುಟಿ ಒಡೆದೆ. ಬ್ಯಾಂಡು ಅವತ್ತೇ ಮುಗಿಯಿತು. ಯಾಕೆ ಹೊಡೆದೆ ಅಂತ ಎಷ್ಟು ಸಲ ಕೇಳಿದೆ, ಮಾತಿಗೆ ಮಾತು ಬೆಳೀತು ಅಂತ ಬಿಟ್ಟರೆ ಬೇರೆ ಉತ್ತರವಿಲ್ಲ. ಕುಡಿದಿದ್ದ ಅಂತ ಹೀರೋ ಹೇಳಿದ, ನಂಬಿದೆ. ನನ್ನ ವೇದಿಕೆಯನ್ನು ಹಾಳು ಮಾಡಿದವನು ಅಂತ ನಿನ್ನ ಜೊತೆ ಒಂದು ವರ್ಷ ಮಾತು ಬಿಟ್ಟೆ, ಆಮೇಲೆ ಮನೆಯಿಂದ ಹೊರಗೆ ಹಾಕಿದೆ. ಹೀರೋನ ಹುಟ್ಟಿದ ದಿನಕ್ಕೆ ಮಾತ್ರ ಇಷ್ಟು ವರ್ಷವೂ ತಪ್ಪದೆ ಶುಭಾಶಯ ಕಳಿಸಿದ್ದೇನೆ. ಎಂಥಾ ಸೊಗಸು! ನನ್ನ ದನಿ ಅಡಗಿಸಿದವನಿಗೆ ವರ್ಷಕ್ಕೊಂದು ಗುಲಾಬಿ ಹೂವಿನ ಕಾರ್ಡು. ನಿಮ್ಮಿಬ್ಬರ ಮೇಲಿನ ಹೇಸಿಗೆ ಒಂದು ತೂಕವಾದರೆ, ನನ್ನ ಮೇಲಿನದು ಅದಕ್ಕೆ ಸರಿಸಮ ತೂಗುತ್ತದೆ. ಆ ಶೋನ ಕ್ಯಾಸೆಟ್ಟು ಟ್ರಂಕಿನ ತಳದಲ್ಲಿದೆ. ಟೇಪು ಸುಕ್ಕಾಗಿ ಹೊರಗೆ ಸುರಿದುಕೊಂಡಿದೆ, ಕೇಳಲು ಬರುವುದಿಲ್ಲ. ಕೇಳುವುದಕ್ಕೆ ಏನಿದೆ ಅಲ್ಲಿ, ಕೇಳಿದ ಇಪ್ಪತ್ತಮೂರು ಕ್ಯಾಸೆಟ್ಟಿನಲ್ಲಿ ಇಲ್ಲದವಳು ತೊಂಬತ್ತಾರನೆಯದರಲ್ಲಿ ಇರುತ್ತೇನಾ?

ಬರುವ ಭಾನುವಾರ ಹಾಸಿಗೆ ಅಂಗಡಿಯಲ್ಲಿ ಕಾರ್ಯಕ್ರಮ. ಹೀರೋ ಎರಡು ಸಲ ಫೋನು ಮಾಡಿದ, ಹಳೇದೆಲ್ಲ ಬಿಡು, ಫೋಟೋಗಾದ್ರೂ ಬಾ ಅಂತ. ಫೋನು ಇಟ್ಟ ಮೇಲೆ ಕೈ ತೊಳೆದುಕೊಂಡೆ, ಸೋಪು ಹಾಕಿ. ಗೋಡೆಯ ಮೇಲಿದ್ದ ನಮ್ಮ ಪೋಸ್ಟರು ಇಳಿಸಿದೆ. ಅದರ ಹಿಂದೆ ಗೋಡೆ ಬೆಳ್ಳಗಿದೆ, ಚೌಕಾಕಾರವಾಗಿ. ಪಾಠಕ್ಕೆ ಬರುವ ಮಕ್ಕಳು ಎಲ್ಲಿ ಟೀಚರ್ ಅಂತ ಕೇಳಿದರೆ ಗೆದ್ದಲು ಹಿಡಿದಿತ್ತು ಅಂದೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ಬರಬೇಡ. ಕೆಳಗಿನ ರೂಮಿಗೆ ಬೀಗ ಹಾಕಿದ್ದೇನೆ. ಕಿವಿ ಹೋಗಿದೆ ಅಂತ ಯಾರಾದರೂ ಬಂದರೆ ಕರುಳು ಚುರ್ ಅನ್ನುತ್ತದೆ, ಆದರೆ ಕಿವಿ ಇದ್ದಾಗ ನೀನು ಅದನ್ನು ಏನು ಮಾಡಿದೆ ಅಂತ ನನಗೀಗ ಗೊತ್ತು. ಒಂದೇ ಸೂರಿನ ಕೆಳಗೆ ನಿನ್ನ ಮುಖ ನೋಡಿಕೊಂಡು ಒಂದು ಲೋಟ ಟೀ ಕೂಡ ಕುಡಿಯಲಾರೆ. ಮಗಳ ಮನೆ ಚಿಕ್ಕದಾದರೆ ಮೂವರೂ ಕಾಲು ಮಡಚಿಕೊಂಡು ಮಲಗಿ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೋ, ಅದು ಮಗಳಿಗೋಸ್ಕರ ಹೇಳುತ್ತಿರುವುದು.

ಇಷ್ಟು ದಿನ ಬರೀ ಕೈ ಆಡಿಸಿದವಳು,
ಪೆಟ್ಟಿಗೆ

ಗುರುವಾರ, ಮಧ್ಯಾಹ್ನ

ಮರೆತ ಮಾತು:

ಕವರಿಗೆ ಅಂಟು ಹಚ್ಚಿದ್ದೆ, ಈಗ ಹರಿದಿದ್ದೇನೆ. ನಿನ್ನೆ ಡ್ರೈವರು ಬಂದಿದ್ದ. ಸ್ಕೂಲಿನ ವ್ಯಾನನ್ನು ರಸ್ತೆಯಲ್ಲೇ ನಿಲ್ಲಿಸಿ, ಮಕ್ಕಳನ್ನೂ ಕೂರಿಸಿಕೊಂಡೇ ಬಂದು, ಬಾಗಿಲಲ್ಲಿ ನಿಂತು, "ಅಕ್ಕಾ, ಕೊನೇ ಶೋದು ಕೇಳಿದ್ರಾ?" ಅಂತ ಇಷ್ಟೇ ಕೇಳಿ ಹೊರಟುಹೋದ. ಇಡೀ ಬೆಳಿಗ್ಗೆ ಪೆನ್ಸಿಲು ತೂರಿಸಿ ಟೇಪು ಸುತ್ತಿದೆ. ಎರಡು ಕಡೆ ತುಂಡಾಗಿತ್ತು, ಅಂಟಿಸಿದೆ.

ಮೊದಲನೇ ಹಾಡಿನಲ್ಲಿ ನಾನಿಲ್ಲ. ಎರಡನೆಯದರ ನಡುವೆ ಪಟ್ ಅಂತ ಒಂದು ಸದ್ದು, ವೈರು ಚುಚ್ಚಿದ ಸದ್ದು. ಆಮೇಲೆ ನಾನಿದ್ದೇನೆ. ಮೂರನೇ ಹಾಡಿನ ನಡುವಿನ ತುಣುಕಿನಲ್ಲಿ ಯಾರೂ ಗುಜುಗುಜು ಅನ್ನುತ್ತಿಲ್ಲ. ಅದು ಮುಗಿದ ಮೇಲೆ ಜನರ ಗಲಾಟೆಯ ಅಡಿಯಲ್ಲಿ ಹೀರೋನ ದನಿ ಸಣ್ಣಗೆ ಮೈಕಿಗೆ ಬಿದ್ದಿದೆ, ಲೇ, ಅವಳದ್ದು ಇಳಿಸೋ ಅಂತ. ನೀನು ಇಳಿಸಿಲ್ಲ, ಏರಿಸಿದ್ದೀಯ. ಅವನ ತುಟಿ ಒಡೆದದ್ದು ಇದಕ್ಕೇ. ನಾಲ್ಕನೇ ಹಾಡಿನಲ್ಲಿ ನನ್ನ ಎಡಗೈ ಜಾರುತ್ತದೆ. ಟೀಚರಮ್ಮ ಹೇಳಿದ ಜಾಗದಲ್ಲೇ. ಮುಂದಿನ ಸಾಲಿನಲ್ಲಿ ಅವರು ಕೂತಿದ್ದನ್ನು ನೋಡಿ ನಿನಗೆ ತಡೆಯಲು ಆಗಲಿಲ್ಲ ಅಲ್ಲವಾ? ಆ ಒಂದು ದಿನದ್ದನ್ನು ಹೇಳಬೇಕಾದರೆ ಉಳಿದ ಹನ್ನೊಂದು ವರ್ಷದ್ದನ್ನೂ ಹೇಳಬೇಕಾಗುತ್ತಿತ್ತು, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ. ಹೇಡಿ. ಜೀವನದಲ್ಲಿ ನೀನು ಮಾಡಿದ ಒಂದೇ ಒಂದು ಮರ್ಯಾದೆಯ ಕೆಲಸಕ್ಕೆ ನಿನ್ನನ್ನು ಮನೆಯಿಂದ ಹೊರಗೆ ಹಾಕಿದ್ದೇನೆ.

ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ, ಎಲ್ಲವೂ ಹಾಗೇ ಇರಲಿ. ಕೆಳಗಿನ ರೂಮಿನ ಬೀಗ ತೆಗೆದಿದ್ದೇನೆ. ಶನಿವಾರ ಬಾ, ಮೆಟ್ಟಿಲ ದೀಪ ಕೆಟ್ಟಿದೆ, ಹಗಲಲ್ಲೇ ಬಾ. ಭಾನುವಾರ ಹಾಸಿಗೆ ಅಂಗಡಿಗೆ ಹೋಗುತ್ತೇನೆ, ಸೌಂಡಿನ ಹುಡುಗಿಗೆ ಹೇಳಿಯಾಗಿದೆ. ನನ್ನ ವೈರನ್ನು ಬೋರ್ಡಿಗೆ ನೀನೇ ಚುಚ್ಚಬೇಕು, ಹೀರೋ ನೋಡುತ್ತಿರುವಾಗ. ಅದಕ್ಕೆ ಕಿವಿ ಬೇಕಾಗಿಲ್ಲ. ಆಮೇಲೆ ಪಕ್ಕದಲ್ಲಿ ಕೂತು ಚೆನ್ನಾಗಿ ಬಾರಿಸಿದೆ ಅಂತ ಮಾತ್ರ ಹೇಳಬೇಡ. ನಿನಗೆ ಕೇಳಿಸಿರುವುದಿಲ್ಲ.